ಸಂಪತ್ ಕುಮಾರರ ಒಂದು ಲೋಡು ಹುಲ್ಲು

ಮಂಡ್ಯದ ವನಸಿರಿ ಅಪಾರ್ಟ್‌ಮೆಂಟಿಗೆ ಆ ಹೆಸರಿಟ್ಟವರು ಯಾರೋ ಕಾಣೆ, ಆಸಾಮಿ ಭಾರೀ ತಮಾಷೆಗಾರನಿರಬೇಕು. ನಲವತ್ತೆಂಟು ಮನೆಗಳ ಆ ಕಟ್ಟಡದಲ್ಲಿ ವನವೂ ಇರಲಿಲ್ಲ, ಸಿರಿಯೂ ಅಷ್ಟಕ್ಕಷ್ಟೆ. ಗೇಟಿನ ಕಮಾನಿನ ಮೇಲೆ ಬಣ್ಣದಲ್ಲಿ ಬರೆಸಿದ ಎರಡು ತೆಂಗಿನ ಮರಗಳೇ ಅಲ್ಲಿಯ ಒಟ್ಟು ಸಸ್ಯಸಂಪತ್ತು. ಎರಡು ಬ್ಲಾಕುಗಳ ನಡುವೆ ನಾಲ್ಕು ಕಬಡ್ಡಿ ಅಂಕಣದಷ್ಟು ಬಯಲು ಜಾಗವಿತ್ತು. ಬೇಸಿಗೆಯಲ್ಲಿ ಧೂಳು, ಮಳೆ ಬಂದರೆ ಕೆಸರು, ಮಿಕ್ಕ ದಿನ ಪಾರ್ಥೇನಿಯಂ, ಹೀಗೆ ಅದು ತನ್ನ ಪಾಡಿಗೆ ತಾನು ಕಾಲ ಹಾಕಿಕೊಂಡಿತ್ತು.

ಆ ಬಯಲಿಗೆ ಟೈಲ್ಸ್ ಹಾಸಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಸಂಘದ ಕಾರ್ಯದರ್ಶಿ ಶಿವರಾಜು ಜೂನ್ ಮೊದಲ ಭಾನುವಾರದ ಸಭೆಯಲ್ಲಿ ಪ್ರಸ್ತಾಪ ಇಟ್ಟರು. ಶಿವರಾಜು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮನೆಯಲ್ಲಿ ಎರಡು ಕಾರು, ಕೊರಳಲ್ಲಿ ಒಂದು ಸೀಟಿ. ಸಭೆಯಲ್ಲಿ ಗದ್ದಲವಾದರೆ ಸೀಟಿ ಊದುತ್ತಿದ್ದರು. ಆ ಸದ್ದಿಗೆ ರಿಟೈರಾದ ತಹಸೀಲ್ದಾರರು ಕೂಡ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

"ನೋಡ್ರಪ್ಪ, ಮಣ್ಣು ಅಂದ್ರೆ ಕೆಸ್ರು. ಕೆಸ್ರು ಅಂದ್ರೆ ಸೊಳ್ಳೆ. ಸೊಳ್ಳೆ ಅಂದ್ರೆ ಡೆಂಗಿ. ಟೈಲ್ಸ್ ಆಕ್ಬುಟ್ರೆ ಒಂದೇ ಏಟ್ಗೆ ಎಲ್ಲಾ ಮುಗೀತದೆ," ಅಂದರು ಶಿವರಾಜು.

ಎಲ್ಲರೂ ಕೈಯೆತ್ತಿ ಟೀಗೆ ಹೊರಡುವ ಹೊತ್ತು. ಆಗ ಹಿಂದಿನ ಸಾಲಿನಲ್ಲಿ ಸಣ್ಣಗೆ ತೂಕಡಿಸುತ್ತಿದ್ದ ಸಂಪತ್ ಕುಮಾರರನ್ನು ಅವರ ಹೆಂಡತಿ ಗೋದಾ ಮೊಣಕೈಯಿಂದ ತಿವಿದರು. ಗೋದಾ ಮೇಲುಕೋಟೆಯ ಹೆಣ್ಣುಮಗಳು. ಮಳೆ ಬಂದಾಗ ಬಾಲ್ಕನಿಗೆ ಓಡಿ ಹೋಗಿ ಆ ಬಯಲಿನ ಮಣ್ಣಿನ ವಾಸನೆ ಎಳೆದುಕೊಳ್ಳುವುದು ಅವರಿಗಿದ್ದ ಒಂದೇ ಚಟ.

"ಏನೂಂದ್ರೆ, ಇರೋದೇ ಒಂದು ಚೂರು ಮಣ್ಣು. ಅದನ್ನೂ ಮುಚ್ಚಿ ಹಾಕ್ತಿದಾರೆ. ಬಾಯಿ ಬಿಡಿ. ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇದ್ದೋರು ನೀವು!" ಎಂದು ಪಿಸುಗುಟ್ಟಿದರು.

ಗೋದಾ ಅವರ ಪಿಸುಮಾತು ಮೂರು ಸಾಲು ಆಚೆಗೂ ಕೇಳುವಂಥದು. ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿತು.

"ತೋಟಗಾರಿಕೆ ಇಲಾಖೇಲಿದ್ರಾ ಸಾರ್? ಹೇಳ್ಲೇ ಇಲ್ವಲ್ಲ!"

ಇಲ್ಲಿ ಓದುಗರಿಗೆ ಒಂದು ಸತ್ಯ ಹೇಳಿಬಿಡುವುದು ಮೇಲು. ಸಂಪತ್ ಕುಮಾರರು ಆ ಇಲಾಖೆಯಲ್ಲಿ ಇದ್ದದ್ದು ನಿಜ. ಆದರೆ ಇದ್ದದ್ದು ಸಿಬ್ಬಂದಿ ಶಾಖೆಯಲ್ಲಿ. ಗಳಿಕೆ ರಜೆ, ವೇತನ ಬಡ್ತಿ, ವರ್ಗಾವಣೆ, ಇವೇ ಅವರು ಬೆಳೆದ ಬೆಳೆ. ಮಾವಿನ ಮರಕ್ಕೂ ಹಲಸಿನ ಮರಕ್ಕೂ ಇರುವ ವ್ಯತ್ಯಾಸವನ್ನು ಹಣ್ಣು ಬಿಟ್ಟಾಗ ಮಾತ್ರ ಖಚಿತವಾಗಿ ಹೇಳಬಲ್ಲವರಾಗಿದ್ದರು. ಬಾಲ್ಕನಿಯ ತುಳಸಿಗೆ ನೀರು ಹಾಕುವ ಕೆಲಸವನ್ನು ಗೋದಾ ಅವರಿಂದ ಕಿತ್ತುಕೊಂಡದ್ದು ಮೂರನೆಯ ತುಳಸಿ ಒಣಗಿದ ಮೇಲೆ.

ಆ ಗಳಿಗೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರೆ ಈ ಕಥೆಯೂ ಇಲ್ಲ, ಕಷ್ಟವೂ ಇಲ್ಲ. ಆದರೆ ನಲವತ್ತೆಂಟು ಮನೆಯವರು ಕಣ್ಣರಳಿಸಿ ನೋಡುವಾಗ "ಇಲ್ಲ ಸ್ವಾಮಿ, ನಾನು ಗುಮಾಸ್ತ" ಎನ್ನುವ ಎದೆಗಾರಿಕೆ ಎಷ್ಟು ಮಂದಿಗಿದೆ? ಮೂವತ್ತೆರಡು ವರ್ಷದಲ್ಲಿ ಯಾರೂ ಅವರನ್ನು ಹಾಗೆ ತಿರುಗಿ ನೋಡಿರಲಿಲ್ಲ. ಸಂಪತ್ ಕುಮಾರರು ಎದ್ದು ನಿಂತರು. ಕನ್ನಡಕ ಸರಿಮಾಡಿಕೊಂಡರು.

"ಆ ಜಾಗ ನನಗೆ ಬಿಡಿ. ಆಗಸ್ಟ್ ಹದಿನೈದರೊಳಗೆ ಹಸಿರು ಮಾಡಿ ತೋರಿಸ್ತೀನಿ."

"ಅಕಸ್ಮಾತ್ ಆಗ್ದೆ ಇದ್ರೆ ಸಾರ್?" ಅಂದರು ಶಿವರಾಜು.

"ಆಗದಿದ್ರೆ ಹದಿನಾರನೇ ತಾರೀಕು ಟೈಲ್ಸ್ ಹಾಕ್ಕೊಳ್ಳಿ. ನಾನು ತುಟಿ ಎರಡು ಮಾಡಲ್ಲ."

"ಬರೀ ಮಣ್ಣು ಕಾಣ್ಬಾರ್ದು, ನೆಪ್ಪಿರ್ಲಿ," ಅಂದು ಶಿವರಾಜು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು.

ಮಾರನೆಯ ದಿನ ಬೆಳಿಗ್ಗೆ ಸಂಪತ್ ಕುಮಾರರು ಹಾಲಿನ ಹೊನ್ನಯ್ಯನಿಗಾಗಿ ಗೇಟಿನಲ್ಲಿ ಕಾದರು. ಹೊನ್ನಯ್ಯ ಕೊತ್ತತ್ತಿಯ ರೈತ. ನಾಲೆ ನೀರಿನ ಗದ್ದೆ, ಮೂರು ಎಮ್ಮೆ, ಹಾಲಿನ ಕ್ಯಾನು ಕಟ್ಟಿದ ಒಂದು ಮೊಪೆಡ್ಡು. ಮಣ್ಣಿನ ವಿಷಯ ಅವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು ಎಂದು ಇವರ ಲೆಕ್ಕ. ತಜ್ಞರಾದವರು ನೇರವಾಗಿ ಕೇಳಬಾರದಲ್ಲ, ಗಂಭೀರವಾಗಿ ವಿಚಾರಿಸಿದರು.

"ಹೊನ್ನಯ್ಯ, ನಿಮ್ಮೂರಲ್ಲಿ ಹುಲ್ಲು ಸಿಗತ್ತಾ?"

"ಉಲ್ಲಾ? ಒಳ್ಳೆ ಕೇಳುದ್ರಿ ಸ್ವಾಮಿ. ಬ್ಯಾಸ್ಗೆ ಬೆಳೆ ಈಗ್ತಾನೆ ಕುಯ್ಸಿವ್ನಿ. ಬೇಕಾದಂಗದೆ."

"ಒಳ್ಳೇ ಹುಲ್ಲು ತಾನೆ?"

"ನಮ್ಮೆಮ್ಮೆ ಬಾಯಿಟ್ರೆ ಮೂತಿ ಎತ್ತಕಿಲ್ಲ, ಅಂತಾ ಉಲ್ಲು."

ದನ ಮೇದರೂ ಸಾಯದ ಗಟ್ಟಿ ತಳಿ ಎಂದು ಸಂಪತ್ ಕುಮಾರರು ಅರ್ಥ ಮಾಡಿಕೊಂಡರು.

"ಇಡೀ ಬಯಲು ತುಂಬಬೇಕು ಹೊನ್ನಯ್ಯ. ಒಂದಿಂಚು ಮಣ್ಣು ಕಾಣಬಾರದು."

"ಅಂಗಾರೆ ಒಂದ್ ಲೋಡೇ ಬೇಕಾಯ್ತದೆ. ನೀವೇ ಒಟ್ಕತೀರೋ, ನಾವೇ ಒಟ್ಕೊಡ್ಬೇಕೋ?"

ನೆಡುವುದಕ್ಕೆ ಹಳ್ಳಿಯ ಕಡೆ ಹಾಗನ್ನುತ್ತಾರೆ ಎಂದು ಸಂಪತ್ ಕುಮಾರರಿಗೆ ಹೊಳೆಯಿತು. "ನೀವೇ ಒಟ್ಟಿಕೊಡಿ. ಎಲ್ಲಾ ಶಾಸ್ತ್ರೋಕ್ತವಾಗಿ ಆಗಬೇಕು," ಅಂದರು.

"ನಮ್ ಮಲ್ಲಿಗಮ್ಮನ್ನೇ ಕರ್ಕಬತ್ತೀನಿ ಬುಡಿ. ಒಟ್ಟೋದ್ರಲ್ಲಿ ಅವ್ಳ್ದು ಎತ್ತಿದ್ ಕೈ," ಎಂದು ಹೊನ್ನಯ್ಯ ಮೊಪೆಡ್ಡು ಹತ್ತಿದ. ರಿಟೈರಾದ ಅಯ್ನೋರು ಈ ವಯಸ್ಸಲ್ಲಿ ಎಮ್ಮೆ ಕಟ್ಟುವ ಮನಸ್ಸು ಮಾಡಿದ್ದಾರೆಂದು ಅವನಿಗೆ ಬಹಳ ಗೌರವ ಬಂತು. ದಾರಿಯಲ್ಲಿ ಟೀ ಅಂಗಡಿಯವನಿಗೂ ಹೇಳಿಯೇ ಹೋದ.

ಮುಂದಿನ ಭಾನುವಾರ ಸಂಪತ್ ಕುಮಾರರು ಗೋದಾ ಅವರೊಂದಿಗೆ ಮದ್ದೂರಿನಲ್ಲಿ ತಂಗಿಯ ಮಗನ ಉಪನಯನ ಮುಗಿಸಿಕೊಂಡು, ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು. ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಜನವೋ ಜನ. ಸಂಪತ್ ಕುಮಾರರ ಎದೆ ಉಬ್ಬಿತು. ತನ್ನ ಹುಲ್ಲುಹಾಸನ್ನು ನೋಡಲು ಇಷ್ಟು ಬೇಗ ಜನ ಸೇರಿದರಲ್ಲ ಎಂದುಕೊಂಡು, ಮದುವೆ ಗಂಡಿನ ಹಾಗೆ ಒಳಗೆ ಕಾಲಿಟ್ಟರು.

ಬಯಲಿನ ನಟ್ಟನಡುವೆ, ಮೊದಲನೇ ಮಹಡಿಯ ಮಟ್ಟಕ್ಕೆ, ಹೊಂಬಣ್ಣದ ಭತ್ತದ ಹುಲ್ಲಿನ ಒಂದು ಮೆದೆ ಎದ್ದು ನಿಂತಿತ್ತು. ಮೆದೆಯ ನೆತ್ತಿಯ ಮೇಲೆ ಸೆರಗು ಸೊಂಟಕ್ಕೆ ಕಟ್ಟಿದ ಹೊನ್ನಯ್ಯನ ಹೆಂಡತಿ ಮಲ್ಲಿಗಮ್ಮ ನಿಂತುಕೊಂಡು, ಹುಲ್ಲು ತುಳಿದು ತುಳಿದು, ಮಳೆನೀರು ಜಾರಿಹೋಗುವಂತೆ ತುದಿಗೆ ಕುಂಬಿ ಕಟ್ಟುತ್ತಿದ್ದಳು.

"ಬಂದ್ರಾ ಸ್ವಾಮಿ? ಎಂಗದೆ ಮೆದೆ? ಎಮ್ಮೆ ಎಲ್ ಕಟ್ತೀರಿ, ಆ ಲಿಫ್ಟ್ ತಾವ್ಲಾ?" ಎಂದು ಮೇಲಿನಿಂದಲೇ ಕೂಗಿದಳು.

ಮೊದಲನೇ ಮಹಡಿಯ ರೂಪ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ತನ್ನ ಬಾಲ್ಕನಿಯಿಂದ ಕೈ ಚಾಚಿ ಒಂದು ಹಿಡಿ ಹುಲ್ಲು ಎಳೆದು ತೋರಿಸಿದಳು. "ಸಂಪತ್ ಸಾರ್, ನಮ್ಮನೆ ಒಳಕ್ಕೇ ಬಂದದೆ ನೋಡಿ! ನಾನು ಬಟ್ಟೆ ಎಲ್ಲಿ ಒಣಗಿ ಹಾಕ್ಲಿ?"

ಶಿವರಾಜು ಎರಡು ಸಲ ಸೀಟಿ ಊದಿದರು. "ಸಾರ್, ಇದೇನ್ ಸಾರ್ ಇದು?"

ಸಂಪತ್ ಕುಮಾರರು ಕೈಯಲ್ಲಿದ್ದ ಮದ್ದೂರು ವಡೆಯ ಪೊಟ್ಟಣವನ್ನು ಗೋದಾ ಅವರ ಕೈಗೆ ದಾಟಿಸಿದರು. ಸರ್ಕಾರಿ ನೌಕರಿ ಮನುಷ್ಯನಿಗೆ ಏನೂ ಕಲಿಸದಿದ್ದರೂ ಒಂದು ಪಾಠ ಕಲಿಸುತ್ತದೆ: ಕಡತದಲ್ಲಿ 'ತಪ್ಪಾಗಿದೆ' ಎಂದು ಯಾವತ್ತೂ ಬರೆಯಬಾರದು.

"ಇದು ಮೊದಲನೇ ಹಂತ," ಅಂದರು.

"ಮೊದಲ್ನೇ ಹಂತ್ವಾ?"

ಯಾವುದೋ ಕಾಲದಲ್ಲಿ ಟೈಪು ಮಾಡಿದ್ದ ಒಂದು ಸುತ್ತೋಲೆ ದೇವರು ಬಂದಂತೆ ಅವರ ನಾಲಿಗೆಯ ಮೇಲೆ ಬಂತು. "ಒಣಹುಲ್ಲಿನ ಹೊದಿಕೆಯಿಂದ ತೇವಾಂಶ ಸಂರಕ್ಷಣೆ, ಕಳೆ ನಿಯಂತ್ರಣ ಹಾಗೂ ಮಣ್ಣಿನ ಫಲವತ್ತತೆಯ ಅಭಿವೃದ್ಧಿಯಾಗುವುದರಿಂದ, ಸದರಿ ವಿಧಾನವನ್ನು ಅನುಸರಿಸತಕ್ಕದ್ದು. ಪ್ರತಿಯನ್ನು ಎಲ್ಲಾ ಜಿಲ್ಲಾ ಕಚೇರಿಗಳಿಗೆ ರವಾನಿಸಿದೆ."

ಕೊನೆಯ ವಾಕ್ಯ ಹೇಳಬೇಕಾಗಿರಲಿಲ್ಲ, ಅದು ಬಂದ ರಭಸಕ್ಕೆ ಬಂದುಬಿಟ್ಟಿತು. ಆದರೆ ಜನಕ್ಕೆ ಅದೇ ಹೆಚ್ಚು ನಾಟಿತು. ಎಲ್ಲಾ ಜಿಲ್ಲೆಗಳಿಗೂ ಹೋಗಿದೆಯೆಂದರೆ ಸುಮ್ಮನೆಯೇ?

ಮೆದೆಯ ಮೇಲಿದ್ದ ಮಲ್ಲಿಗಮ್ಮನೂ ತಲೆದೂಗಿದಳು. "ಅದೇನೋ ಕೋರ್ಟ್ ಕಾಗ್ದದಂಗ್ ಮಾತಾಡುದ್ರು, ಆದ್ರೂ ಸರ್ಯಾಗೇ ಯೋಳುದ್ರು ಕಣಪ್ಪ. ಉಲ್ ಒದುಸುದ್ರೆ ನೆಲ ತಣ್ಗಿರ್ತದೆ. ಮದ್ಲೇ ಅಂದಿದ್ರೆ ನಾನ್ಯಾಕ್ ಇಸ್ಟ್ ಎತ್ರ ಒಟ್ತಿದ್ದೆ?"

ಅಂದು ಸಂಜೆಯೇ ನಲವತ್ತೆಂಟು ಮನೆಯವರು ಇಳಿದು ಬಂದು ಮೆದೆ ಕೆಡವಿ ಬಯಲಿನ ತುಂಬ ಹುಲ್ಲು ಹರಡಿದರು. ಎಂದೂ ಒಬ್ಬರ ಮುಖ ಒಬ್ಬರು ನೋಡದವರು ಅಂದು ಒಬ್ಬರ ತಲೆಯಿಂದ ಒಬ್ಬರು ಹುಲ್ಲಿನ ಕಡ್ಡಿ ಆರಿಸಿಕೊಟ್ಟರು. ಮನೆಗೆ ಬಂದ ಮೇಲೆ ಗೋದಾ ಕೇಳಿದರು: "ಏನೂಂದ್ರೆ, ಲಾನ್ ಅಂದ್ರೆ ಹಸಿ ಹುಲ್ಲಲ್ವೇ?"

"ಅದು ಎರಡನೇ ಹಂತ," ಎಂದು ಸಂಪತ್ ಕುಮಾರರು ಗೋಡೆಯ ಕಡೆ ತಿರುಗಿ ಮಲಗಿದರು. ಎರಡನೇ ಹಂತ ಏನೆಂಬುದು ಅವರಿಗೂ ಗೊತ್ತಿರಲಿಲ್ಲ.

ಅದು ಮುಂಗಾರಿಗೆ ಗೊತ್ತಿತ್ತು. ಆ ವಾರವೆಲ್ಲ ಮಳೆ ಸುರಿಯಿತು. ಹೊಂಬಣ್ಣದ ಹೊದಿಕೆ ಕಂದಾಯಿತು, ಕಂದಾದದ್ದು ಕಪ್ಪಾಯಿತು. ಶಿವರಾಜು ಟೈಲ್ಸಿನ ಬಣ್ಣದ ಪುಸ್ತಕ ಹಿಡಿದುಕೊಂಡು ಬಾಲ್ಕನಿಗಳ ಕೆಳಗೆ ಓಡಾಡತೊಡಗಿದರು. ಹತ್ತನೆಯ ದಿನ ಬೆಳಿಗ್ಗೆ ಸಂಪತ್ ಕುಮಾರರು ಬಾಲ್ಕನಿಗೆ ಬಂದು ನೋಡುತ್ತಾರೆ, ಬಯಲಿನ ತುಂಬ ಹಸಿರು! ಗಿಳಿಯ ರೆಕ್ಕೆಯ ಹಸಿರು. ಗಾಳಿ ಬಂದರೆ ಇಡೀ ಬಯಲು ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿತ್ತು. ಅವರು ಪಂಚೆ ಎತ್ತಿ ಕಟ್ಟಿಕೊಂಡು ಮೂರು ಮಹಡಿ ಇಳಿದು ಬಂದು, ಬಗ್ಗಿ ಮುಟ್ಟಿ ನೋಡಿ, ಮತ್ತೆ ಹತ್ತಿ ಹೋಗಿ ಗೋದಾ ಅವರನ್ನು ಕರೆತಂದರು. ಮೂವತ್ತೆರಡು ವರ್ಷ ಕಡತ ಮುಟ್ಟಿದ ಕೈಗೆ ಇಲಾಖೆಯ ಗುಣ ಅದು ಹೇಗೋ ಇಳಿದಿರಬೇಕು ಎಂದು ಅವರು ಪ್ರಾಮಾಣಿಕವಾಗಿ ನಂಬಿದರು.

ಅಲ್ಲಿಂದ ಮುಂದೆ ಸಂಪತ್ ಕುಮಾರರ ಕೀರ್ತಿ ಹೆದ್ದಾರಿಯ ಬಸ್ಸು ಹತ್ತಿತು. ಮದ್ದೂರಿನ ಒಂದು ಬಡಾವಣೆಯವರು ಬಂದು ಅವರನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡರು. ಮಳವಳ್ಳಿಯಿಂದ ಚಿಕ್ಕಬೋರಯ್ಯ ಎಂಬ ನಿವೃತ್ತ ಓವರ್‌ಸಿಯರು ಅಳತೆ ಟೇಪು ತಂದು, ಹುಲ್ಲು ಅಳೆದು, "ನಾಲ್ಕೂವರೆ ಇಂಚು, ಎಲ್ಲಾ ಕಡೆ ಒಂದೇ ಲೆವೆಲ್ಲು! ಇಂಥ ಕೆಲ್ಸ ನನ್ ಸರ್ವೀಸಲ್ ನೋಡ್ಲಿಲ್ಲ," ಎಂದು ಕೈಮುಗಿದು ಹೋದರು. ಎಲ್ಲರಿಗೂ ಸಂಪತ್ ಕುಮಾರರು ಕೊಡುತ್ತಿದ್ದ ಉಪದೇಶ ಒಂದೇ: "ಮೊದಲನೇ ಹಂತ ಮಾತ್ರ ಮರೀಬೇಡಿ."

ಇಲ್ಲಿ ನೀವು ಕೇಳಬಹುದು: ಅಲ್ಲಯ್ಯ, ಅದು ಮಂಡ್ಯ. ಭತ್ತದ ಪೈರನ್ನು ಕಣ್ಣು ಮುಚ್ಚಿ ಮೂಸಿ ಗುರುತು ಹಿಡಿಯುವ ಜನ. ನಲವತ್ತೆಂಟು ಮನೆಯಲ್ಲಿ ಒಬ್ಬರಿಗೂ ತಿಳಿಯಲಿಲ್ಲವೇ?

ತಿಳಿಯದೆ ಏನು! ತಿಳಿಯಿತು. ಎಲ್ಲರಿಗೂ ತಿಳಿಯಿತು. ಆದರೆ ವನಸಿರಿಯಲ್ಲಿ ಮನೆ ಕೊಂಡವರೆಲ್ಲ ಪೇಟೆಯವರಾಗಲೆಂದೇ ಕೊಂಡವರು. ಶಿವರಾಜು ಯಲಿಯೂರಿನವರು, ಕೇಳಿದರೆ "ನಮ್ದು ಮೈಸೂರ್ ಕಡೆ" ಅನ್ನುತ್ತಿದ್ದರು. ರೂಪ ಬಾಲ್ಯದಲ್ಲಿ ನಾಟಿ ಮಾಡಿ ಕೈ ಪಳಗಿಸಿಕೊಂಡವಳು. ಈಗ ಕುಂಡದಲ್ಲಿ ಬೋನ್ಸಾಯ್ ಬೆಳೆಸುತ್ತಿದ್ದಳು. ಲಾನ್ ಎಂದು ಎಲ್ಲರೂ ಮೆಚ್ಚುತ್ತಿರುವಾಗ, "ಅಯ್ಯೋ, ಇದು ಭತ್ತ" ಎಂದು ಮೊದಲು ಬಾಯಿಬಿಟ್ಟು ಹಳ್ಳಿ ಗಮಾರ ಅನ್ನಿಸಿಕೊಳ್ಳುವವರು ಯಾರು? ಇಲಾಖೆಯವರೇ ಲಾನ್ ಅಂದಮೇಲೆ ಭತ್ತದಂತೆ ಕಾಣುವ ಯಾವುದೋ ವಿದೇಶಿ ಲಾನ್ ಇರಬೇಕು ಎಂದು ಒಬ್ಬೊಬ್ಬರೂ ತಮ್ಮನ್ನು ತಾವೇ ಒಪ್ಪಿಸಿಕೊಂಡು ಸುಮ್ಮನಿದ್ದರು. ನಿಜವಾಗಿಯೂ ಗೊತ್ತಿಲ್ಲದವರು ಇಬ್ಬರೇ, ಸಂಪತ್ ಕುಮಾರರು ಮತ್ತು ಗೋದಾ.

ಜುಲೈ ಮೊದಲ ವಾರ ನಗರಸಭೆಯ ಪರಿಸರ ಎಂಜಿನಿಯರ್ ಮಹದೇವು ಈ ಅದ್ಭುತ ನೋಡಲು ಬಂದರು. ಹಸಿರು ಅಂಗಳಗಳ ಪಟ್ಟಿ ಮಾಡುತ್ತಿದ್ದರಂತೆ. ಮನೆಮನೆಯವರೂ ಇಳಿದು ಬಂದು ಸಾಲಾಗಿ ನಿಂತರು. ಮಹದೇವು ಬೆಸಗರಹಳ್ಳಿಯ ರೈತರ ಮಗ. ಬಗ್ಗಿ ಒಂದು ಪೈರು ಕಿತ್ತರು. ಬೇರು ನೋಡಿದರು. ಬೇರಿಗೆ ಅಂಟಿದ್ದ ಭತ್ತದ ಹೊಟ್ಟು ನೋಡಿದರು. ಸಂಪತ್ ಕುಮಾರರ ಮುಖ ನೋಡಿದರು. ಆ ಮುಖದಲ್ಲಿದ್ದ ಧನ್ಯತೆ ಕಂಡು ಪೈರನ್ನು ಮೆಲ್ಲಗೆ ಜೇಬಿಗಿಟ್ಟುಕೊಂಡರು.

"ಯಾವ್ ಜಾತಿ ಲಾನ್ ಸಾರ್ ಇದು?" ಎಂದು ಬಹಳ ಎಚ್ಚರಿಕೆಯಿಂದ ಕೇಳಿದರು.

"ದೇಶೀ," ಅಂದರು ಸಂಪತ್ ಕುಮಾರರು.

ಅಷ್ಟರಲ್ಲಿ ಗೇಟಿನಲ್ಲಿ ಮೊಪೆಡ್ಡು ನಿಂತಿತು. ದಿನಾ ಗೇಟಿನಲ್ಲೇ ಹಾಲು ಅಳೆದು ಹೊರಟುಬಿಡುತ್ತಿದ್ದ ಹೊನ್ನಯ್ಯನಿಗೆ ಅಂದು ಜ್ವರ. ಹಾಲು ತಂದವಳು ಮಲ್ಲಿಗಮ್ಮ. ಕ್ಯಾನು ಹಿಡಿದು ಒಳಗೆ ಬಂದವಳು ಬಯಲು ಕಂಡು ಕ್ಯಾನನ್ನು ಅಲ್ಲೇ ಇಟ್ಟು, ಎರಡೂ ಕೈ ಕೆನ್ನೆಗೆ ಹಚ್ಚಿಕೊಂಡಳು.

"ಅಯ್ಯೋ ನನ್ನಪ್ಪಾ! ಬತ್ತದ್ ಪೈರ್ನ ಒಟ್ಲು ಮಡಿ ಎಸ್ಟ್ ಚೆಂದಾಗ್ ಬಂದದೆ! ಆ ಕುಯ್ಯೋ ಮಿಸಿನ್ನೋನು ಕಾಳೆಲ್ಲಾ ಉಲ್ಲಲ್ಲೇ ಬುಟ್ಟವ್ನೆ ಅಂತ ನಾನ್ ಬೈಕತಿದ್ದೆ, ಇಲ್ ಬಂದ್ ಮೊಳ್ತವೆ ನೋಡಿ! ಸ್ವಾಮಿ, ನಾಟಿ ಯಾವತ್ತು?"

ಮೊದಲು ಬಾಯಿಬಿಟ್ಟವರು ಶಿವರಾಜು.

"ನಂಗೆ ಮೂರ್ನೇ ದಿನ್ವೇ ಗೊತ್ತಿತ್ತು! ಯಲಿಯೂರ್ನೋನಿಗೆ ಬತ್ತ ಗೊತ್ತಿಲ್ವಾ?"

"ನಂಗ್ ಎರಡ್ನೇ ದಿನ್ವೇ ಗೊತ್ತಾಯ್ತು," ಅಂದಳು ರೂಪ. "ನಾನು ದಿನಕ್ಕೆ ಎಷ್ಟು ಗದ್ದೆ ನಾಟಿ ಹಾಕ್ತಿದ್ದೆ ಅಂತ ನಮ್ಮೂರಲ್ ಕೇಳಿ!"

ಮಹದೇವು ಜೇಬಿನಿಂದ ಪೈರು ತೆಗೆದರು. "ನಾನು ಗೇಟಲ್ಲೇ ಕಂಡ್ ಹಿಡಿದೆ ಕಣ್ರೀ. ಗೌರ್ಮೆಂಟ್ ಮರ್ಯಾದೆಗೆ ಸುಮ್ನಿದ್ದೆ."

ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಹಳ್ಳಿಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಅಪ್ಪನ ಗದ್ದೆ ಎಷ್ಟು, ಅಜ್ಜನ ಗದ್ದೆ ಎಷ್ಟು, ಯಾವ ನಾಲೆ, ಯಾವ ತೂಬು ಎಂದು ಜನ ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಈ ಸಂಭ್ರಮದ ನಡುವೆ ಯಾರೋ ಒಂದು ಪ್ರಶ್ನೆ ಎಸೆದರು: "ಹಂಗಾದ್ರೆ ಸಂಪತ್ ಸಾರ್‌ಗೆ ಮಾತ್ರ ಗೊತ್ತಿರ್ಲಿಲ್ವಾ?"

ಮತ್ತೆ ಎಲ್ಲರೂ ತಿರುಗಿ ಅವರನ್ನೇ ನೋಡಿದರು. 'ಇದು ಎರಡನೇ ಹಂತ' ಎನ್ನಬಹುದಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ನಾವು ನೀವಾಗಿದ್ದರೆ ಅದನ್ನೇ ಹೇಳಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆವು. ಆದರೆ ಸಂಪತ್ ಕುಮಾರರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನನಗೆ ಗೊತ್ತಿರಲಿಲ್ಲ. ತೋಟಗಾರಿಕೆ ಇಲಾಖೆಯಲ್ಲಿದ್ದದ್ದು ನಿಜ. ಗಿಡ ನೋಡೋರ ರಜೆ ಅರ್ಜಿ ನೋಡ್ತಿದ್ದೆ, ಗಿಡ ನೋಡಲಿಲ್ಲ. ಲಾನ್ ಬೇಕು ಅಂತ ಹೊನ್ನಯ್ಯನ ಹತ್ರ ಹುಲ್ಲು ಕೇಳಿದೆ. ಹುಲ್ಲು ಅಂದ್ರೆ ಅವನಿಗೆ ಹುಲ್ಲೇ. ತಪ್ಪು ನಂದು. ಆ ಮಣ್ಣು ಉಳೀಲಿ ಅಂತ ಇವಳಿಗೆ ಆಸೆ ಇತ್ತು, ನನಗೂ ಇತ್ತು. ಅಷ್ಟೇ." ಕನ್ನಡಕ ಮತ್ತೆ ಹಾಕಿಕೊಂಡರು. "ಶಿವರಾಜು, ನೀವು ಟೈಲ್ಸ್‌ಗೆ ಹೇಳಿಬಿಡಿ."

ತಪ್ಪು 'ಆಗಿದೆ' ಎನ್ನದೆ 'ನಂದು' ಎಂದ ಗುಮಾಸ್ತರನ್ನು ಮಹದೇವು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವರು ಗೌರವದಿಂದ ನೆಟ್ಟಗೆ ನಿಂತರು.

"ಟೈಲ್ಸಾ? ಯಾವನ್ಲಾ ಅದು ಈ ಮಣ್ಗೆ ಟೈಲ್ಸ್ ಆಕೋನು?" ಎಂದು ಮಲ್ಲಿಗಮ್ಮ ಕೂಗಿದಳು.

ಯಾವನು ಎಂದು ಹೇಳುವ ಧೈರ್ಯ ಶಿವರಾಜುಗೆ ಬರಲಿಲ್ಲ. ಮಲ್ಲಿಗಮ್ಮ ಬಗ್ಗಿ, ಕೊಳೆತ ಹುಲ್ಲು ಸರಿಸಿ, ಒಂದು ಬೊಗಸೆ ಮಣ್ಣೆತ್ತಿ ಅವರ ಮೂಗಿನ ಮುಂದೆ ಹಿಡಿದಳು. ತಿಂಗಳ ಹಿಂದೆ ಇಟ್ಟಿಗೆಯಂತಿದ್ದ ಮಣ್ಣು ಕಪ್ಪಗೆ, ಮೆತ್ತಗೆ ಉದುರುತ್ತಿತ್ತು. ಅದರೊಳಗೆ ಎರಡು ಎರೆಹುಳ ಹೊರಳಾಡಿದವು.

"ನೋಡಿ ಮೇಷ್ಟ್ರೆ, ಜೀವ ಬಂದದೆ. ಇದ್ರು ಮ್ಯಾಲ್ ಕಲ್ ಎಳ್ದೀರಾ? ಕೇಳಿ ಸ್ವಾಮಿ, ಈ ಸಲ ಮಳೇಗೆ ನಮ್ ಒಟ್ಲು ಕೊಚ್ಚೋಯ್ತು. ಪೈರ್ ಎಲ್ ತರಾದು ಅಂತ ನಮ್ಮನೆಯವ್ರು ಯೋಚ್ನೆ ಮಾಡಿ ಮಾಡೇ ಜ್ವರ ಬರ್ಸ್ಕಂಡವ್ರೆ. ಈ ಪೈರ್ ನಂಗ್ ಕೊಡಿ. ನಿಮ್ ನೆಲುಕ್ ಏನ್ ಬೇಕೋ ನಾನ್ ತಂದ್ ನೆಡ್ತೀನಿ. ಏನ್ ಬೇಕು?"

ಸಂಪತ್ ಕುಮಾರರು ಕೈಬಾಯಿ ತಿರುಗಿಸಿ ವಿವರಿಸಿದರು. "ಸಣ್ಣ ಎಲೆ. ನೆಲಕ್ಕೆ ಅಂಟಿಕೊಂಡು, ಹರಡಿಕೊಂಡು, ಚಾಪೆ ಹಾಸಿದ ಹಾಗೆ..."

"ಗರ್ಕೆ!" ಮಲ್ಲಿಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದ್ಕಾ ಸ್ವಾಮಿ ನೀವ್ ಇಸ್ಟ್ ಒದ್ದಾಡಿದ್ದು? ಬದಿನ್ ಮ್ಯಾಲೆ ಅದ ಕಿತ್ತೂ ಕಿತ್ತೂ ನನ್ ಬೆಳ್ಳೇ ಸವ್ದೋದೊ. ಗಾಡಿ ತುಂಬ ತತ್ತೀನಿ ಬುಡಿ!"

ಮುಂದಿನ ಭಾನುವಾರ ವನಸಿರಿಯಲ್ಲಿ ಪೈರು ಕೀಳುವ ಹಬ್ಬ. ರೂಪ ಸೀರೆ ಎತ್ತಿ ಕಟ್ಟಿ ಸಾಲು ಹಿಡಿದಳೆಂದರೆ ಅವಳ ಬೆರಳು ಕಣ್ಣಿಗೆ ಕಾಣುತ್ತಿರಲಿಲ್ಲ. ಶಿವರಾಜು ಟ್ರ್ಯಾಕ್ ಪ್ಯಾಂಟು ಮಂಡಿಗೆ ಮಡಚಿ, ಪೈರಿನ ಕಂತೆ ಕಟ್ಟುವುದರಲ್ಲಿ ಎಲ್ಲರನ್ನೂ ಮೀರಿಸಿದರು. ಎಷ್ಟೋ ವರ್ಷಗಳಿಂದ ಆ ಕೈ ಈ ಕೆಲಸಕ್ಕೆ ಹಾತೊರೆಯುತ್ತಿತ್ತು ಎಂದು ನೋಡಿದವರಿಗೆ ಅರ್ಥವಾಗುತ್ತಿತ್ತು. ಸಂಪತ್ ಕುಮಾರರು ಕಟ್ಟಿದ ಕಂತೆ ಮಾತ್ರ ಎತ್ತಿದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ಜ್ವರ ಬಿಟ್ಟು ಎದ್ದು ಬಂದ ಹೊನ್ನಯ್ಯ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ಇಂಗ್ ಸುತ್ತಿ, ಇಂಗ್ ಸಿಕ್ಸಿ ಸ್ವಾಮಿ," ಎಂದು ತೋರಿಸಿದ. ಒಂಬತ್ತನೆಯ ಕಂತೆ ನಿಂತಿತು. ಅವರು ಅದನ್ನು ಎತ್ತಿ ಹಿಡಿದು ಬಾಲ್ಕನಿಯಲ್ಲಿದ್ದ ಗೋದಾ ಅವರಿಗೆ ತೋರಿಸಿದರು.

ಪೈರು ಕೊತ್ತತ್ತಿಗೆ ಹೋಯಿತು. ಗರಿಕೆ ವನಸಿರಿಗೆ ಬಂತು. ಮಲ್ಲಿಗಮ್ಮ ಗೇಣಿಗೊಂದರಂತೆ ಬಯಲಿನ ತುಂಬ ಗರಿಕೆಯ ತುಂಡು ಊರಿದಳು. ಅಂಚಿಗೆ ದಾಸವಾಳ, ಕರಿಬೇವು, ನುಗ್ಗೆ, ಎರಡು ಹೊಂಗೆ. ಸಂಪತ್ ಕುಮಾರರು ನೋಡನೋಡುತ್ತ ಕಲಿತರು. ಜುಲೈ ಕೊನೆಯಲ್ಲಿ ಮಳೆ ಕೈಕೊಟ್ಟಿತು. ಬೋರಿನ ನೀರು ಮನೆಗಳಿಗೇ ಸಾಲದಾದಾಗ ಗೋದಾ ಒಂದು ಉಪಾಯ ಹೂಡಿದರು. ನಲವತ್ತೆಂಟು ಅಡುಗೆಮನೆಯ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಬಕೆಟ್ಟಿನಲ್ಲಿ ಕೆಳಗಿಳಿಯಿತು. ದಿನಾ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿದ ಸಂಪತ್ ಕುಮಾರರು ಚೊಂಬಿನಿಂದ ಒಂದೊಂದು ಬುಡಕ್ಕೂ ಹುಯ್ಯುತ್ತಿದ್ದರು. ಎಷ್ಟು ಹುಯ್ಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಈಗ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಈ ವಯಸ್ಸಿನಲ್ಲಿ ಹೊಸ ವಿದ್ಯೆ ಹಿಡಿಯುವುದೆಂದರೆ ಸಾಮಾನ್ಯವಲ್ಲ. ಅವರನ್ನು ನೋಡಿ ನಕ್ಕವರೂ ಅದನ್ನು ಒಪ್ಪಿಕೊಂಡರು.

ಗರಿಕೆ ಹಬ್ಬಿತು. ಗೇಣು ಗೇಣು ಕೂಡಿಕೊಂಡಿತು. ಆದರೆ ಆಗಸ್ಟ್ ಹದಿನಾಲ್ಕರ ಸಂಜೆಯೂ ಧ್ವಜಾರೋಹಣಕ್ಕೆಂದು ನಡುವೆ ನೆಟ್ಟಿದ್ದ ಧ್ವಜಕಂಬದ ಹತ್ತಿರ ಒಂದು ಕಡೆ, ಹೊಂಗೆಯ ಪಕ್ಕ ಒಂದು ಕಡೆ, ತಟ್ಟೆಯಗಲದ ಬರೀ ಮಣ್ಣು ಹಾಗೇ ಉಳಿದಿತ್ತು. ನಡಾವಳಿ ಪುಸ್ತಕದಲ್ಲಿ ಎರಡು ಗೆರೆ ಎಳೆದ ಮಾತು ಸಂಪತ್ ಕುಮಾರರ ಎದೆಯ ಮೇಲೆ ಕೂತಿತು. ಕೊಟ್ಟ ಮಾತೆಂದರೆ ಮಾತೇ. ಒಂದು ತಟ್ಟೆಯಷ್ಟಾದರೂ ಮಣ್ಣು ಮಣ್ಣೇ.

ಹದಿನೈದರ ಬೆಳಿಗ್ಗೆ ಮಹದೇವು ಧ್ವಜಾರೋಹಣಕ್ಕೆ ಬಂದರು. ಕೊತ್ತತ್ತಿಯಿಂದ ಹೊನ್ನಯ್ಯ, ಮಲ್ಲಿಗಮ್ಮ ಬಂದರು. ನಲವತ್ತೆಂಟು ಮನೆಯವರೂ ಬಂದರು, ಆದರೆ ಒಬ್ಬರೂ ಬಯಲಿಗೆ ಇಳಿಯಲಿಲ್ಲ. ಹುಲ್ಲು ನೊಂದೀತೆಂದು ಎಲ್ಲರೂ ಸುತ್ತಲಿನ ಸಿಮೆಂಟಿನ ಅಂಚಿನಲ್ಲೇ ಒತ್ತೊತ್ತಾಗಿ ನಿಂತಿದ್ದರು. ಧ್ವಜಕಂಬ ನಡುವೆ ಒಂಟಿಯಾಗಿತ್ತು. ಮುಖ್ಯ ಅತಿಥಿಗೇ ದಾರಿಯಿಲ್ಲ.

ಶಿವರಾಜು ನಡಾವಳಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಯಲನ್ನು ಒಂದು ಸುತ್ತು ನೋಡಿದರು. ಧ್ವಜಕಂಬದ ಹತ್ತಿರದ ಮಣ್ಣು ಅವರ ಕಣ್ಣಿಗೆ ಬಿತ್ತು. ಬಿದ್ದದ್ದು ಎಲ್ಲರಿಗೂ ಕಂಡಿತು. ಗೋದಾ ಸೆರಗಿನ ತುದಿ ಬಾಯಿಗೆ ಕಚ್ಚಿಕೊಂಡರು. ಸಂಪತ್ ಕುಮಾರರು ಮುಂದೆ ಬಂದು, "ಶಿವರಾಜು, ಎರಡು ಕಡೆ ಇನ್ನೂ ಬಂದಿಲ್ಲ. ನಾನೇ ಹೇಳಿಬಿಡ್ತೀನಿ," ಎಂದರು.

ಶಿವರಾಜು ಬಗ್ಗಿ ತಮ್ಮ ಬಿಳಿಯ ಬೂಟು ಬಿಚ್ಚಿದರು. ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿದರು. ಬರಿಗಾಲಿನಲ್ಲಿ ಗರಿಕೆಯ ಮೇಲೆ ನಡೆದು ಹೋಗಿ, ಧ್ವಜಕಂಬದ ಪಕ್ಕದ ಆ ಬರೀ ಮಣ್ಣಿನ ಮೇಲೆ ತಮ್ಮ ಎರಡೂ ಅಗಲವಾದ ಪಾದ ಊರಿ, ಎದೆ ಸೆಟೆದು ನಿಂತರು.

"ಎಲ್ಲದೆ ಸಾರ್ ಮಣ್ಣು?" ಎಂದು ಕೂಗಿದರು. "ನಂಗೇನೂ ಕಾಣಾಕಿಲ್ಲ!"

ರೂಪ ಚಪ್ಪಲಿ ಕಳಚಿ ಓಡಿ ಹೋಗಿ ಹೊಂಗೆಯ ಪಕ್ಕ ನಿಂತಳು. "ಇಲ್ಲೂ ಏನೂ ಕಾಣ್ಸ್ತಿಲ್ಲ!"

"ಅಂಗೇ ನಿಂತ್ಕಳಿ, ಕದಲ್ಬೇಡಿ," ಎಂದಳು ಮಲ್ಲಿಗಮ್ಮ. "ನೀವೂ ಇಳೀರ್ರಪ್ಪ ಎಲ್ಲಾರೂ. ಗರ್ಕೆ ಏನ್ ಗಾಜಾ? ತುಳ್ದಸ್ಟೂ ಅಬ್ತದೆ ಅದು!"

ಜನ ಇಳಿದರು. ಬರಿಗಾಲಿಗೆ ಇಬ್ಬನಿ ತಾಗಿ ಹೆಂಗಸರು, ಮಕ್ಕಳು, ತಹಸೀಲ್ದಾರರು ಎಲ್ಲರೂ ಹಾ ಎಂದರು. ಮಹದೇವು ಹಗ್ಗ ಎಳೆದರು. ಬಾವುಟ ಬಿಚ್ಚಿಕೊಂಡಿತು. ಕನ್ನಡಕ ಒರೆಸಿಕೊಳ್ಳಲು ಹೋದ ಸಂಪತ್ ಕುಮಾರರಿಗೆ ಒದ್ದೆಯಾದದ್ದು ಕನ್ನಡಕವಲ್ಲ ಎಂದು ತಿಳಿಯಿತು. ಆಮೇಲೆ ಮಹದೇವು ಪರಿಸರದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದರು. ಬಿಸಿಲೇರಿತು, ಕುರ್ಚಿ ಹಾಕಿದರು, ಜನ ಕೂತರು. ಶಿವರಾಜು ಮಾತ್ರ ಕೊನೆಯವರೆಗೂ ಆ ಜಾಗ ಬಿಟ್ಟು ಕದಲಲಿಲ್ಲ.